ಜಾಯಿಂಟ್ ಯಾಕೆ ಸೋರುತ್ತದೆ? ಪೈಪು ಜೋಡಿಸುವ ಬಗ್ಗೆ ಓದುಗರ ಪ್ರಶ್ನೆಗಳು

ತೋಟ ಮತ್ತು ಮನೆಯ ನೀರಿನ ಪೈಪುಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಶಿರಸಿಯಿಂದ ಕಾರವಾರದವರೆಗೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಜಾಯಿಂಟಿನದೇ ಗೋಳು. ಪೈಪು ನಡುವೆ ಒಡೆಯುವುದು ಕಡಿಮೆ, ಸೋರುವುದು ಜೋಡಿಸಿದ ಜಾಗದಲ್ಲೇ. ಯಾವ ಪ್ರಶ್ನೆಗೆ ಉತ್ತರ ಬರೆಯುವಾಗಲೂ ನಾನು ಮೊದಲು ಎರಡು ವಿಷಯ ನೋಡುತ್ತೇನೆ. ಜಾಯಿಂಟಿನ ಆ ಕಡೆ, ಈ ಕಡೆ ಇರುವುದು ಯಾವ ಪೈಪು, ಎಷ್ಟು ಅಳತೆ? ಈ ಜಾಯಿಂಟನ್ನು ಮುಂದೆ ಬಿಚ್ಚಬೇಕಾಗುತ್ತದಾ, ಇಲ್ವಾ? ಇಷ್ಟು ಗೊತ್ತಿಲ್ಲದೆ ಅಂಗಡಿಗೆ ಹೋದರೆ ಕೈಗೆ ಸಿಕ್ಕಿದ್ದು ತಂದು ತುರುಕುವುದೇ ಆಗುತ್ತದೆ. ದಯವಿಟ್ಟು ಎರಡೂ ಪೈಪಿನ ಒಂದೊಂದು ಗೇಣು ತುಂಡು ಚೀಲಕ್ಕೆ ಹಾಕಿಕೊಂಡು ಹೋಗಿ. ಅಂಗಡಿಯವರಿಗೂ ಅನುಕೂಲ, ಸಂಜೆ ಇನ್ನೊಮ್ಮೆ ಪೇಟೆಗೆ ಹೋಗುವುದೂ ತಪ್ಪುತ್ತದೆ.

ಪ್ರಶ್ನೆ: ನಮ್ಮದು ಶಿರಸಿ ತಾಲೂಕು. ಮನೆ ಹಿಂದಿನ ಗುಡ್ಡದ ಹಳ್ಳದಿಂದ ಕಪ್ಪು ಪೈಪಿನಲ್ಲಿ ತನ್ನಷ್ಟಕ್ಕೇ ನೀರು ಬರುತ್ತದೆ, ಪಂಪು ಇಲ್ಲ. ಒಂದು ಇಂಚಿನ ಪೈಪು. ತೋಟದ ಹತ್ತಿರದ ಜಾಯಿಂಟುಗಳು ರಾತ್ರಿ ಹೊತ್ತು ಕಿತ್ತುಕೊಳ್ಳುತ್ತವೆ, ಮೇಲಿನವಕ್ಕೆ ಏನೂ ಆಗುವುದಿಲ್ಲ. ಪೈಪಿನ ತುದಿ ಕಾಸಿ, ನಿಪ್ಪಲ್ (ಎರಡೂ ಪೈಪಿನೊಳಗೆ ಕೂರುವ ಗಿಡ್ಡ ಕೊಳವೆ) ತುರುಕಿ, ತಂತಿ ಬಿಗಿದಿದ್ದೇವೆ. ಏನು ಮಾಡೋದು?

ಉತ್ತರ: ರಾತ್ರಿ ಹೊತ್ತು ಅಂತ ಬರೆದಿದ್ದೀರಲ್ಲ, ಕಾರಣ ಅಲ್ಲೇ ಇದೆ. ಹಗಲು ನಲ್ಲಿ ತೆರೆದಿರುತ್ತದೆ, ನೀರು ಓಡುತ್ತಾ ಇರುತ್ತದೆ, ಓಡುವಾಗ ಪೈಪಿಗೆ ಉಜ್ಜಿಕೊಂಡು ಒತ್ತಡ ಸ್ವಲ್ಪ ಕಳೆದುಹೋಗುತ್ತದೆ. ರಾತ್ರಿ ಎಲ್ಲ ಬಂದ್ ಮಾಡಿದ ಮೇಲೆ ಗುಡ್ಡದ ಮೇಲಿನ ನೀರಿನ ಪೂರ್ತಿ ಭಾರ ಕೆಳಗಿನ ಜಾಯಿಂಟಿನ ಮೇಲೆ ಕೂರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಕೆಜಿ ಒತ್ತಡ, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕೆಜಿ. ನಿಮ್ಮ ಹಳ್ಳ ಮನೆಯಿಂದ 60 ಮೀಟರ್ ಮೇಲಿದ್ದರೆ ಕೆಳಗೆ 6 ಕೆಜಿ. ಪೈಪು ಎಷ್ಟು ಉದ್ದ ಇದೆ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಎತ್ತರ ಒಂದೇ ಲೆಕ್ಕ. ಹಿಂದೆ ಅಡಿಕೆ ದಬ್ಬೆಯಲ್ಲಿ ನೀರು ತರುತ್ತಿದ್ದಾಗ ಈ ತಾಪತ್ರಯ ಇರಲಿಲ್ಲ, ಯಾಕಂದರೆ ದಬ್ಬೆ ಮೇಲೆ ತೆರೆದೇ ಇರುತ್ತಿತ್ತು, ಒತ್ತಡ ನಿಲ್ಲಲು ಜಾಗವೇ ಇಲ್ಲ. ಒಂದರ ಮೇಲೊಂದು ಇಟ್ಟರೆ ಸಾಕಾಗುತ್ತಿತ್ತು.

ಮೊದಲು ಒತ್ತಡ ಅಳೆಯಿರಿ. ಎಲ್ಲಕ್ಕಿಂತ ಕೆಳಗಿನ ನಲ್ಲಿಗೆ ಒಂದು ಪ್ರೆಶರ್ ಮೀಟರ್ ಕೂರಿಸಿ, ಬಾಕಿ ಎಲ್ಲ ಬಂದ್ ಮಾಡಿ, ಮುಳ್ಳು ನಿಂತ ಮೇಲೆ ನೋಡಿ. ಆಮೇಲೆ ಪೈಪಿನ ಮೇಲೆ ಅಚ್ಚಾಗಿರುವ ಅಕ್ಷರ ಓದಿ. ಪಿಎನ್ 4 ಅಂತ ಇದ್ದರೆ ಅದು 4 ಕೆಜಿಗೆ ಮಾಡಿದ ಪೈಪು, ಪಿಎನ್ 6 ಇದ್ದರೆ 6 ಕೆಜಿಗೆ. ಮೀಟರು ಅದಕ್ಕಿಂತ ಜಾಸ್ತಿ ತೋರಿಸಿದರೆ ಎಂಥ ಜಾಯಿಂಟ್ ಹಾಕಿಯೂ ಪ್ರಯೋಜನ ಇಲ್ಲ. ಆಗ ಗುಡ್ಡದ ಅರ್ಧದಲ್ಲಿ ಒಂದು ಸಣ್ಣ ತೊಟ್ಟಿ ಕಟ್ಟಿ. ಮೇಲಿನ ಪೈಪಿನ ನೀರು ತೊಟ್ಟಿಗೆ ಬೀಳಲಿ, ತೊಟ್ಟಿಯಿಂದ ಹೊಸದಾಗಿ ಪೈಪು ಹೊರಡಲಿ. ಒತ್ತಡ ಅಲ್ಲಿಗೆ ಸೊನ್ನೆಯಾಗಿ ಮತ್ತೆ ಶುರುವಾಗುತ್ತದೆ. ತೊಟ್ಟಿಗೆ ಫ್ಲೋಟ್ ವಾಲ್ವ್ ಹಾಕಲು ಹೋಗಬೇಡಿ. ಅದು ಮುಚ್ಚಿಕೊಂಡಾಗ ಮೇಲಿನ ಪೈಪಿಗೆ ಅದೇ ಕಥೆ. ತುಂಬಿ ಹೊರಚೆಲ್ಲಿದ ನೀರು ಹಳ್ಳಕ್ಕೇ ವಾಪಸ್ ಹೋಗುವ ಹಾಗೆ ಒಂದು ಕಾಲುವೆ ಮಾಡಿ.

ಇನ್ನು ಜಾಯಿಂಟು. ಕಪ್ಪು ಪೈಪು ಅಂದರೆ ಎಚ್‌ಡಿಪಿಇ. ಪಿವಿಸಿ ಪೈಪು ಕೂಡಿಸಲು ಹಚ್ಚುವ ಯಾವ ಸಲ್ಯೂಶನ್ನೂ ಇದಕ್ಕೆ ಹಿಡಿಯುವುದಿಲ್ಲ. ಕಾಸಿ ನಿಪ್ಪಲ್ ತುರುಕಿದಾಗ ತುದಿ ಹಿಗ್ಗಿ ಗೋಡೆ ತೆಳ್ಳಗಾಗುತ್ತದೆ, ತಂತಿ ಅದೇ ತೆಳ್ಳಗಿನ ಜಾಗದಲ್ಲಿ ಕೊರೆಯುತ್ತದೆ. ನೀವು ಹಾಕಬೇಕಾದದ್ದು ಕಂಪ್ರೆಶನ್ ಫಿಟಿಂಗ್. ಬಿಚ್ಚಿ ನೋಡಿದರೆ ಒಳಗೆ ನಾಲ್ಕು ಸಾಮಾನು ಇರುತ್ತದೆ: ನಟ್, ಒಂದು ಕಡೆ ಸೀಳಿರುವ ಹಲ್ಲಿನ ಉಂಗುರ, ಒಂದು ಬುಷ್, ಒಂದು ರಬ್ಬರ್ ಓರಿಂಗ್. ನೀರು ತಡೆಯುವುದು ಓರಿಂಗ್, ಪೈಪು ಹಿಡಿಯುವುದು ಹಲ್ಲಿನ ಉಂಗುರ. ಉಂಗುರದ ಸಪೂರ ತುದಿ ನಟ್ಟಿನ ಕಡೆಗೆ, ದಪ್ಪ ತುದಿ ಬಾಡಿಯ ಕಡೆಗೆ ಇರಬೇಕು. ಹಾಗಿದ್ದರೆ ನೀರು ಪೈಪನ್ನು ಹೊರಗೆ ದೂಡಿದಷ್ಟೂ ಉಂಗುರ ನಟ್ಟಿನ ಇಳಿಜಾರಿಗೆ ಸಿಕ್ಕಿ ಇನ್ನೂ ಬಿಗಿಯಾಗಿ ಕಚ್ಚುತ್ತದೆ. ಉಲ್ಟಾ ಹಾಕಿದರೆ ಹಿಡಿತವೇ ಇಲ್ಲ. ಇದೊಂದನ್ನು ದಯವಿಟ್ಟು ಸರಿಯಾಗಿ ನೋಡಿ ಹಾಕಿ.

ಪೈಪನ್ನು ನೇರವಾಗಿ ಕೊಯ್ಯಿರಿ. ಕೊಯ್ದ ಅಂಚನ್ನು ಚೂರಿಯಿಂದ ಹೊರಗಡೆ ಸ್ವಲ್ಪ ಹೆರೆದು ಇಳಿಜಾರು ಮಾಡಿ, ಇಲ್ಲದಿದ್ದರೆ ಆ ಚೂಪು ಅಂಚು ಓರಿಂಗನ್ನೇ ಕತ್ತರಿಸುತ್ತದೆ. ಪೈಪು ಎಷ್ಟು ಒಳಗೆ ಹೋಗಬೇಕು ಅಂತ ಮೊದಲೇ ಅಳೆದು ಪೈಪಿನ ಮೇಲೆ ಗೆರೆ ಎಳೆಯಿರಿ. ಸಾಬೂನು ನೀರು ಸವರಿ ದೂಡಿ, ಗೆರೆ ಮುಟ್ಟುವವರೆಗೆ. ಎಂಜಿನ್ ಆಯಿಲ್ ಬೇಡ, ಕೆಲವು ರಬ್ಬರು ಅದಕ್ಕೆ ಉಬ್ಬಿ ಹಾಳಾಗುತ್ತದೆ. ಸುರುಳಿ ಬಿಚ್ಚಿದ ಪೈಪು ಚಪ್ಪಟೆ ಆಗಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ದುಂಡಗೆ ಮಾಡಿಕೊಳ್ಳಿ.

ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಎಚ್‌ಡಿಪಿಇ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 100 ಮೀಟರ್ ಪೈಪು 20 ಡಿಗ್ರಿ ತಣ್ಣಗಾದರೆ ಒಂದು ಅಡಿಗಿಂತ ಜಾಸ್ತಿ ಗಿಡ್ಡವಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಪೈಪನ್ನು ಹಗ್ಗದ ಹಾಗೆ ಎಳೆದು ಕಟ್ಟಿದ್ದರೆ ಬೆಳಗಿನ ಜಾವ ಅದು ಜಾಯಿಂಟನ್ನು ಕೀಳಲೇಬೇಕು. ಸ್ವಲ್ಪ ಅಂಕುಡೊಂಕಾಗಿ, ಸಡಿಲವಾಗಿ ಬಿಡಿ. ಆದರೆ ಡುಬ್ಬದ ಹಾಗೆ ಎಲ್ಲೂ ಮೇಲೆದ್ದಿರುವುದು ಬೇಡ. ಆ ದಿಬ್ಬದಲ್ಲಿ ಗಾಳಿ ಕೂತು ನೀರು ನಿಲ್ಲುತ್ತದೆ.

ಬಿಚ್ಚುವ ಅಗತ್ಯವೇ ಇಲ್ಲದ ಕಡೆ, ಮಣ್ಣಿನಡಿ ಹೋಗುವ ಜಾಗದಲ್ಲಿ, ಎರಡು ತುದಿ ಕಾಸಿ ಕೂಡಿಸುವ ಬಟ್ ಜಾಯಿಂಟ್ ಇನ್ನೂ ಒಳ್ಳೆಯದು. ಅದಕ್ಕೆ ಸುಮಾರು 210–220 ಡಿಗ್ರಿ ಬಿಸಿಯ ಹೀಟರ್ ಪ್ಲೇಟ್ ಬೇಕು, ಇರುವವರನ್ನೇ ಕರೆಸಿ. ಎರಡೂ ಕಡೆ ಸುತ್ತ ಒಂದೇ ದಪ್ಪದ ತುಟಿ ಬಂದಿದ್ದರೆ ಜಾಯಿಂಟ್ ಸರಿಯಾಗಿದೆ ಅಂತ ತಿಳಿಯಿರಿ.

ಪ್ರಶ್ನೆ: ಕುಮಟಾದಲ್ಲಿ ಮನೆ ರಿಪೇರಿ ಮಾಡಿಸುತ್ತಿದ್ದೇವೆ. ಅರ್ಧ ಇಂಚಿನ ಪೈಪಿಗೆ ಅರ್ಧ ಇಂಚಿನ ಸಾಕೆಟ್ ತಂದರೂ ಕೂರುವುದಿಲ್ಲ. ಒಂದು ಸಡಿಲ, ಇನ್ನೊಂದು ಒಳಗೇ ಹೋಗುವುದಿಲ್ಲ. ಅಂಗಡಿಯವರು ಮೋಸ ಮಾಡಿದರಾ?

ಉತ್ತರ: ಇಲ್ಲ, ಅವರು ಕೊಟ್ಟದ್ದೂ ಅರ್ಧ ಇಂಚಿನದೇ. ಅರ್ಧ ಇಂಚು ಅನ್ನುವುದು ಈಗ ಬರೀ ಹೆಸರು. ಸ್ಕೇಲು ಹಿಡಿದು ಹೊರಗಿನ ಅಳತೆ ನೋಡಿ. ತೋಟಕ್ಕೆ ಹಾಕುವ ಪಿವಿಸಿಯಲ್ಲಿ ಅರ್ಧ ಇಂಚು ಅಂದರೆ 20 ಮಿಲಿಮೀಟರ್. ಮನೆಗೆ ಹಾಕುವ ಬಿಳಿ ಯುಪಿವಿಸಿ, ಎಸ್‌ಸಿಎಚ್ 40 ಅಥವಾ 80 ಅಂತ ಬರೆದಿರುತ್ತದಲ್ಲ, ಅದರಲ್ಲಿ 21.3. ಬಿಸಿನೀರಿಗೆ ಹಾಕುವ ಸಿಪಿವಿಸಿಯಲ್ಲಿ 15.9. ಕಬ್ಬಿಣದ ಜಿಐ ಪೈಪಿನಲ್ಲಿ ಮತ್ತೆ 21.3ರ ಆಸುಪಾಸು. ನಾಲ್ಕಕ್ಕೂ ಪೇಟೆಯಲ್ಲಿ ಅರ್ಧ ಇಂಚು ಅಂತಲೇ ಹೆಸರು. ನಿಮ್ಮ ಮನೆಯಲ್ಲಿ ಹಳೆಯದು ಒಂದು ಜಾತಿ, ಹೊಸದು ಒಂದು ಜಾತಿ ಆಗಿದೆ, ಅಷ್ಟೇ.

20ಕ್ಕೂ 21.3ಕ್ಕೂ ಎಷ್ಟು ವ್ಯತ್ಯಾಸ, ಸಲ್ಯೂಶನ್ ಜಾಸ್ತಿ ಬಳಿದರೆ ಆಯ್ತು ಅಂತ ಕೆಲವರು ಮಾಡುತ್ತಾರೆ. ಅದು ನಿಲ್ಲುವುದಿಲ್ಲ. ಇನ್ನು ಕೆಲವರು ಪೈಪಿನ ತುದಿಯನ್ನು ಬೆಂಕಿಯಲ್ಲಿ ಕಾಸಿ ಹಿಗ್ಗಿಸುತ್ತಾರೆ. ಕಾಲುವೆಯ ಹಾಗೆ ಸುಮ್ನೆ ನೀರು ಹರಿದುಹೋಗುವ ಪೈಪಿಗೆ ಅದು ನಡೆಯಬಹುದು, ಟ್ಯಾಂಕಿನ ಒತ್ತಡ ಇರುವ ಮನೆಯ ಪೈಪಿಗೆ ಬೇಡವೇ ಬೇಡ. ಗೋಡೆಯೊಳಗೆ ಸೇರಿ ಟೈಲ್ಸ್ ಹಾಕಿದ ಮೇಲೆ ಸೋರಿದರೆ ಗೋಡೆಯನ್ನೇ ಒಡೆಸಬೇಕಾಗುತ್ತದೆ.

ಜಾತಿ ಬದಲಾಗುವ ಜಾಗದಲ್ಲಿ ಥ್ರೆಡ್ ಇರುವ ಫಿಟಿಂಗ್ ಹಾಕಿ. ಥ್ರೆಡ್ಡಿನ ಅಳತೆ ಮಾತ್ರ ಎಲ್ಲ ಜಾತಿಗೂ ಒಂದೇ ಇರುತ್ತದೆ. ಸಿಪಿವಿಸಿಗೆ ಅಂಟುವ ಎಂಟಿಎ (ಹೊರ ಥ್ರೆಡ್ಡಿನದು), ಯುಪಿವಿಸಿಗೆ ಅಂಟುವ ಎಫ್‌ಟಿಎ (ಒಳ ಥ್ರೆಡ್ಡಿನದು) ತಂದರೆ ಒಂದರ ಹೊರ ಥ್ರೆಡ್ಡು ಇನ್ನೊಂದರ ಒಳ ಥ್ರೆಡ್ಡಿಗೆ ತಿರುಪಿಕೊಳ್ಳುತ್ತದೆ. ಹಳೆ ಜಿಐ ಪೈಪಿಗೂ ಹೀಗೇ. ನಲ್ಲಿ, ಗೀಸರ್ ಬರುವ ಕಡೆ ಹಿತ್ತಾಳೆ ಥ್ರೆಡ್ ಕೂರಿಸಿದ ಫಿಟಿಂಗನ್ನೇ ಕೇಳಿ ತನ್ನಿ. ಬೆಲೆ ಜಾಸ್ತಿ, ಆದರೆ ನಲ್ಲಿ ಬದಲಿಸುವಾಗ ಗೋಡೆಯೊಳಗಿನ ಪ್ಲಾಸ್ಟಿಕ್ ಸೀಳುವುದಿಲ್ಲ. ದೊಡ್ಡ ಪೈಪಿನಿಂದ ಸಣ್ಣದಕ್ಕೆ ಇಳಿಯುವಾಗ ರೆಡ್ಯೂಸರ್ ಅಥವಾ ಬುಷ್, ತಿರುವಿಗೆ ಎಲ್ಬೋ, ಕವಲಿಗೆ ಟೀ, ಇವೆಲ್ಲ ನಿಮಗೆ ಗೊತ್ತೇ ಇದೆ. ಗೊತ್ತಿದ್ದೂ ಜನ ಬಿಡುವುದು ಯೂನಿಯನ್ನನ್ನು. ಪಂಪಿನ ಪಕ್ಕ, ಟ್ಯಾಂಕಿನ ಬುಡ, ಗೀಸರಿನ ಎರಡೂ ಕಡೆ, ಫಿಲ್ಟರಿನ ಮುಂದೆ ಒಂದೊಂದು ಯೂನಿಯನ್ ಇರಲಿ. ನಟ್ ತಿರುಗಿಸಿದರೆ ಪೈಪು ಅಲ್ಲಾಡದೆ ಎರಡು ಭಾಗ ಆಗುತ್ತದೆ. ಅದಿಲ್ಲದಿದ್ದರೆ ಪಂಪು ರಿಪೇರಿಗೆ ಬಂದವರು ಗರಗಸ ತೆಗೆಯುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಪಿವಿಸಿ ಜಾಯಿಂಟ್ ಮಾಡಿದರೆ ಹಿಡಿಯುವುದಿಲ್ಲ ಅನ್ನುತ್ತಾರೆ. ನಮ್ಮ ಸಿದ್ದಾಪುರದಲ್ಲಿ ಮಳೆ ನಿಲ್ಲುವುದನ್ನು ಕಾಯುತ್ತಾ ಕೂತರೆ ಆಗುತ್ತದಾ?

ಉತ್ತರ: ಕಾಯಬೇಕಾಗಿಲ್ಲ, ಒಣ ಬಟ್ಟೆ ಬೇಕು. ಸಲ್ಯೂಶನ್ ಅಂಟಿನ ಹಾಗೆ ಮೇಲೆ ಕೂರುವ ವಸ್ತು ಅಲ್ಲ. ಅದು ಪೈಪಿನ ಹೊರಮೈಯನ್ನೂ ಸಾಕೆಟ್ಟಿನ ಒಳಮೈಯನ್ನೂ ಕರಗಿಸುತ್ತದೆ, ಮೆತ್ತಗಾದ ಎರಡೂ ಸೇರಿ ಒಂದೇ ಪ್ಲಾಸ್ಟಿಕ್ ಆಗುತ್ತದೆ. ನಡುವೆ ನೀರಿನ ಪಸೆ, ಮಣ್ಣು, ಎಣ್ಣೆ ಇದ್ದರೆ ಕರಗುವುದೇ ಇಲ್ಲ. ಹಾಗಾಗಿ ಮೇಲೊಂದು ತಾಡಪಾಲು ಕಟ್ಟಿ, ಒರೆಸಿ, ಮತ್ತೆ ಒರೆಸಿ.

ಸಲ್ಯೂಶನ್ ಹಚ್ಚದೆ ಮೊದಲು ಪೈಪನ್ನು ಸಾಕೆಟ್ಟಿಗೆ ಹಾಕಿ ನೋಡಿ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹೋಗಿ ಬಿಗಿಯಬೇಕು. ಬುಡದವರೆಗೂ ಸಲೀಸಾಗಿ ಹೋದರೆ ಆ ಸಾಕೆಟ್ ಬೇಡ. ಹಚ್ಚುವಾಗ ಪೈಪಿಗೆ ಧಾರಾಳ, ಸಾಕೆಟ್ಟಿಗೆ ತೆಳ್ಳಗೆ. ಸಾಕೆಟ್ಟಿನೊಳಗೆ ಜಾಸ್ತಿ ಬಿದ್ದರೆ ಅದು ಬುಡದಲ್ಲಿ ಕೆರೆಯಾಗಿ ನಿಂತು ಪೈಪನ್ನೇ ಮೆತ್ತಗೆ ಮಾಡುತ್ತದೆ. ಕಾಲು ಸುತ್ತು ತಿರುಗಿಸುತ್ತಾ ದೂಡಿ, ಬುಡ ಮುಟ್ಟಿದ ಮೇಲೆ ಅರ್ಧ ನಿಮಿಷ ಕೈ ಬಿಡದೆ ಹಿಡಿದುಕೊಳ್ಳಿ. ಬೇಗ ಬಿಟ್ಟರೆ ಪೈಪು ಹಿಂದೆ ಜಾರುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ. ಪೂರ್ತಿ ಒತ್ತಡದ ನೀರನ್ನು ಮರುದಿನವೇ ಬಿಡಿ. ಮಳೆಗಾಲದ ತಣ್ಣಗಿನ ಹವೆಯಲ್ಲಿ ಒಣಗಲು ಹೊತ್ತು ಬೇಕು. ಡಬ್ಬಿಯಲ್ಲಿ ಲೋಳೆ ಲೋಳೆ ಆಗಿರುವ ಸಲ್ಯೂಶನ್ನಿಗೆ ಥಿನ್ನರ್ ಹಾಕಿ ಉಪಯೋಗಿಸಬೇಡಿ, ಎಸೆದುಬಿಡಿ. ಸಿಪಿವಿಸಿಗೆ ಸಿಪಿವಿಸಿಯದೇ ಸಲ್ಯೂಶನ್.

ಪ್ರಶ್ನೆ: ಹೊನ್ನಾವರದಿಂದ. ಟೇಪು ಎಷ್ಟು ಸುತ್ತಿದರೂ ಥ್ರೆಡ್ ಜಾಯಿಂಟಿನಲ್ಲಿ ಹನಿ ನಿಲ್ಲುವುದಿಲ್ಲ. ಟ್ಯಾಂಕಿನ ನಿಪ್ಪಲ್ಲಿಗೂ ಟೇಪು ಸುತ್ತಿ ಸೋತೆವು.

ಉತ್ತರ: ಎಷ್ಟು ಸುತ್ತಿದ್ದೀರಿ ಅನ್ನುವುದಕ್ಕಿಂತ ಯಾವ ಕಡೆಗೆ ಸುತ್ತಿದ್ದೀರಿ ಅನ್ನುವುದು ಮುಖ್ಯ. ಥ್ರೆಡ್ಡಿನ ತುದಿ ನಿಮ್ಮ ಮುಖಕ್ಕೆ ಬರುವ ಹಾಗೆ ಹಿಡಿದು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಸುತ್ತಿ. ಉಲ್ಟಾ ಸುತ್ತಿದರೆ ತಿರುಪುವಾಗ ಟೇಪು ಬಿಚ್ಚಿಕೊಂಡು ಬುಡಕ್ಕೆ ಬಂದು ಮುದ್ದೆಯಾಗುತ್ತದೆ. ಮೊದಲ ಒಂದು ಥ್ರೆಡ್ ಖಾಲಿ ಬಿಡಿ, ಟೇಪಿನ ಚೂರು ಒಳಗೆ ಹೋಗಿ ನಲ್ಲಿ ಕಟ್ಟುವುದಿಲ್ಲ. ಎಳೆದು ಸುತ್ತಿ, ಥ್ರೆಡ್ಡಿನ ಗೆರೆ ಟೇಪಿನ ಮೇಲೆ ಎದ್ದು ಕಾಣಬೇಕು. ಒಂದು ಸಲ ಬಿಗಿದ ಮೇಲೆ ನಲ್ಲಿ ನೇರ ಮಾಡಲಿಕ್ಕೆ ಅಂತ ಹಿಂದಕ್ಕೆ ತಿರುಗಿಸಬೇಡಿ. ಹಿಂದಕ್ಕೆ ಹೋದರೆ ಟೇಪು ಬಿಟ್ಟುಕೊಟ್ಟಿತು ಅಂತಲೇ ಅರ್ಥ, ಬಿಚ್ಚಿ ಹೊಸದಾಗಿ ಸುತ್ತಬೇಕು. ಹಳೆಯ ಜಿಐ ಪೈಪಿನ ಒರಟು ಥ್ರೆಡ್ಡಿಗೆ ಸಣಬಿನ ನಾರು ಮತ್ತು ಪೇಸ್ಟು ಈಗಲೂ ಟೇಪಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ನೀರು ತಾಗಿದಾಗ ನಾರು ಉಬ್ಬಿ ಸಂದು ತುಂಬುತ್ತದೆ. ಪ್ಲಾಸ್ಟಿಕ್ಕಿಗೆ ಮಾತ್ರ ನಾರು ಬೇಡ.

ಪ್ಲಾಸ್ಟಿಕ್ಕಿನ ಒಳ ಥ್ರೆಡ್ಡಿಗೆ ಕಬ್ಬಿಣದ ಅಥವಾ ಹಿತ್ತಾಳೆಯ ಹೊರ ಥ್ರೆಡ್ ಕೊಟ್ಟು ಪಾನಾ ಹಿಡಿದು ಬಿಗಿಯುವುದು ತುಂಬ ಕಡೆ ನೋಡುತ್ತೇನೆ. ಥ್ರೆಡ್ಡು ಒಳಗೆ ಹೋದಷ್ಟೂ ದಪ್ಪ ಆಗುತ್ತಾ ಹೋಗುತ್ತದೆ. ಮರಕ್ಕೆ ಬೆಣೆ ಹೊಡೆದ ಹಾಗೆ ಅದು ಪ್ಲಾಸ್ಟಿಕ್ಕನ್ನು ಸೀಳುತ್ತದೆ. ಸೀಳು ಅವತ್ತೇ ಕಾಣದೆ ಇರಬಹುದು, ವಾರ ಬಿಟ್ಟು ಕೂದಲೆಳೆಯಷ್ಟು ಗೆರೆ ಬರುತ್ತದೆ. ಕೈಯಲ್ಲಿ ಬಿಗಿಯಾದ ಮೇಲೆ ಒಂದು, ಹೆಚ್ಚೆಂದರೆ ಒಂದೂವರೆ ಸುತ್ತು ಸಾಕು.

ಟ್ಯಾಂಕ್ ನಿಪ್ಪಲ್ಲಿನ ವಿಷಯ ಬೇರೆ. ಅಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲವೇ ಅಲ್ಲ, ರಬ್ಬರ್ ವಾಷರ್. ಟೇಪು ಸುತ್ತಿ ಏನೂ ಉಪಯೋಗ ಇಲ್ಲ. ತೂತಿನ ಅಂಚಿನ ಸಿಬಿರು ತೆಗೆದು, ಟ್ಯಾಂಕಿನ ಮೈ ಚಪ್ಪಟೆ ಇರುವ ಜಾಗ ನೋಡಿ ಹಾಕಿ. ಉಬ್ಬಿದ ಮೈಗೆ ಹಾಕಿದರೆ ವಾಷರು ಒಂದು ಕಡೆ ಒತ್ತುತ್ತದೆ, ಇನ್ನೊಂದು ಕಡೆ ಎದ್ದಿರುತ್ತದೆ. ಹೊರಡುವ ಪೈಪಿನ ಭಾರ ನಿಪ್ಪಲ್ಲಿಗೆ ಜೋತುಬೀಳದ ಹಾಗೆ ಕೆಳಗೆ ಒಂದು ಆಧಾರ ಕೊಡಿ.

ಪ್ರಶ್ನೆ: ಅಂಕೋಲಾ ಹತ್ತಿರ ನಮ್ಮ ತೋಟದ ಬಾವಿಗೆ ದಡದಲ್ಲಿ ಪಂಪು ಇದೆ. ಬೇಸಿಗೆ ಬಂದ ಕೂಡಲೇ ನೀರು ಬಿಟ್ಟು ಬಿಟ್ಟು ಬರುತ್ತದೆ. ಎಲ್ಲೂ ಸೋರುವುದು ಕಾಣುವುದಿಲ್ಲ. ಬಾವಿಯಿಂದ ಪಂಪಿಗೆ ನೀರು ಎಳೆಯುವ ಹಸಿರು ಸಕ್ಷನ್ ಪೈಪಿಗೆ ಕ್ಲಿಪ್ ಹಾಕಿದೆ.

ಉತ್ತರ: ಸಕ್ಷನ್ ಕಡೆಯ ಜಾಯಿಂಟ್ ಹಾಳಾದರೆ ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಕಾಣುವುದಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದು ಪಂಪು ಜಾಸ್ತಿ ಎಳೆಯಬೇಕಾಗುತ್ತದೆ, ಮಳೆಗಾಲದಲ್ಲಿ ತಡೆದುಕೊಂಡಿದ್ದ ಸಂದು ಆಗ ಗಾಳಿ ಬಿಡುತ್ತದೆ. ಹಾಗೇ ಪಂಪಿನಿಂದ ನೀರಿನ ಮಟ್ಟ ಎಷ್ಟು ಕೆಳಗಿದೆ ಅಂತಲೂ ಅಳೆಯಿರಿ. ಲೆಕ್ಕದ ಪ್ರಕಾರ ದಡದ ಪಂಪು ಸುಮಾರು 10 ಮೀಟರಿನವರೆಗೆ ಎಳೆಯಬೇಕು, ನಿಜದಲ್ಲಿ ಆರೇಳು ಮೀಟರ್ ದಾಟಿದರೆ ಕಷ್ಟ. ಅದಕ್ಕಿಂತ ಕೆಳಗೆ ಹೋಗಿದ್ದರೆ ಪಂಪನ್ನೇ ಇಳಿಸಬೇಕು.

ಸಂದು ಹುಡುಕಲು ಪಂಪು ಓಡುತ್ತಿರುವಾಗ ಒಂದೊಂದೇ ಜಾಯಿಂಟಿಗೆ ದಪ್ಪ ಸಾಬೂನು ನೊರೆ ಮೆತ್ತುತ್ತಾ ಹೋಗಿ. ಒಂದು ಜಾಯಿಂಟಿಗೆ ಮೆತ್ತಿದ ಕೂಡಲೇ ನೊರೆ ಒಳಗೆ ಎಳೆದುಕೊಂಡು ಪಂಪಿನ ಸದ್ದು ಬದಲಾಗುತ್ತದೆ. ಕಳ್ಳ ಅಲ್ಲೇ ಇದ್ದಾನೆ. ಹಸಿರು ಪೈಪಿನಲ್ಲಿ ನನಗೆ ಮೊದಲು ಅನುಮಾನ ಬರುವುದು ಕ್ಲಿಪ್ಪಿನ ಮೇಲೆ. ಆ ಪೈಪಿನ ಮೈಮೇಲೆ ಸುರುಳಿ ಸುರುಳಿ ಏಣು ಇರುತ್ತದಲ್ಲ, ಚಪ್ಪಟೆ ಪಟ್ಟಿಯ ಕ್ಲಿಪ್ಪು ಏಣಿನ ಮೇಲೆ ಮಾತ್ರ ಒತ್ತುತ್ತದೆ, ಎರಡು ಏಣಿನ ನಡುವಿನ ತಗ್ಗಿನಲ್ಲಿ ಪೈಪು ನಿಪ್ಪಲ್ಲಿಗೆ ಅಂಟುವುದಿಲ್ಲ. ಗಾಳಿ ಆ ಸುರುಳಿ ದಾರಿಯಲ್ಲೇ ಸುತ್ತಿಕೊಂಡು ಒಳಗೆ ಹೋಗುತ್ತದೆ. ತುದಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ನಿಪ್ಪಲ್ಲಿನ ಬುಡದವರೆಗೆ ಹತ್ತಿಸಿ. ಬೋಲ್ಟ್ ಹಾಕಿ ಬಿಗಿಯುವ ತಂತಿ ಕ್ಲಿಪ್ ಸಿಗುತ್ತದೆ, ಅದು ತಗ್ಗಿಗೆ ಸರಿಯಾಗಿ ಕೂರುತ್ತದೆ. ಎರಡು ಹಾಕಿ, ಬೋಲ್ಟುಗಳು ಎದುರುಬದುರು ಬರಲಿ. ಪಂಪಿನ ಬಾಯಿಗೆ ಫ್ಲಾಂಜ್ (ಬೋಲ್ಟ್ ಹಾಕಿ ಬಿಗಿಯುವ ಚಪ್ಪಟೆ ಬಿಲ್ಲೆ) ಇದ್ದರೆ ರಬ್ಬರ್ ಪ್ಯಾಕಿಂಗನ್ನು ವರ್ಷಕ್ಕೊಮ್ಮೆ ಬದಲಿಸಿ. ನಾಲ್ಕು ಬೋಲ್ಟನ್ನು ಸುತ್ತುವರಿದು ಬಿಗಿಯಬೇಡಿ, ಎದುರಿನ ಜೋಡಿಯನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಕ್ಷನ್ ಪೈಪು ಬಾವಿಯಿಂದ ಪಂಪಿನವರೆಗೆ ಏರುತ್ತಲೇ ಬರಬೇಕು, ನಡುವೆ ಒಂದು ಡುಬ್ಬ ಇದ್ದರೂ ಗಾಳಿ ಅಲ್ಲೇ ಮನೆ ಮಾಡುತ್ತದೆ.

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ನಮ್ಮ ಬೋಟು ಇದೆ. ಎಂಜಿನ್ ತಂಪು ಮಾಡುವ ಸಮುದ್ರದ ನೀರಿನ ಪೈಪಿನ ಕ್ಲಿಪ್ಪುಗಳು ಸ್ಟೀಲು ಅಂತ ತಂದರೂ ತುಕ್ಕು ಹಿಡಿಯುತ್ತವೆ. ಹಿತ್ತಾಳೆ ನಿಪ್ಪಲ್ ಕೂಡ ಮುರಿಯಿತು.

ಉತ್ತರ: ಈ ಪ್ರಶ್ನೆಗೆ ಉತ್ತರ ಬರೆಯುವಾಗ ಮನಸ್ಸಿಗೆ ಸಮಾಧಾನ ಇಲ್ಲ, ಯಾಕಂದರೆ ತೋಟದಲ್ಲಿ ಜಾಯಿಂಟ್ ಹೋದರೆ ನೀರು ಹೋಗುತ್ತದೆ, ನಿಮ್ಮದು ಹೋದರೆ ನೀರು ಬೋಟಿನೊಳಗೆ ಬರುತ್ತದೆ. ದಯವಿಟ್ಟು ಇದರಲ್ಲಿ ಹಣ ಉಳಿಸಬೇಡಿ.

ಕ್ಲಿಪ್ಪಿನ ಪಟ್ಟಿ ಸ್ಟೀಲಿನದೇ ಇರುತ್ತದೆ, ಸ್ಕ್ರೂ ಬೇರೆ ಲೋಹದ್ದು. ಒಂದು ಆಯಸ್ಕಾಂತ ತೆಗೆದುಕೊಂಡು ಹೋಗಿ ಸ್ಕ್ರೂವಿಗೆ ಹಿಡಿಯಿರಿ. ಗಟ್ಟಿಯಾಗಿ ಅಂಟಿಕೊಂಡರೆ ಅದು ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುವ ಜಾತಿ. ಮೇಲಿಂದ ಪಟ್ಟಿ ಹೊಳೆಯುತ್ತಿರುತ್ತದೆ, ಸ್ಕ್ರೂವಿನ ಅಡಿಯಲ್ಲಿ ಮುಚ್ಚಿಕೊಂಡ ಜಾಗದಲ್ಲಿ ತಿಂದು ಮುಗಿದಿರುತ್ತದೆ. ಕೇಳುವಾಗ 316 ಸ್ಟೀಲು, ಸ್ಕ್ರೂ ಸಮೇತ, ಅಂತ ಬಾಯಿಬಿಟ್ಟು ಕೇಳಿ. ಅಡುಗೆಮನೆಯಲ್ಲಿ ಚೆನ್ನಾಗಿರುವ 304 ಕೂಡ ಸಮುದ್ರದ ಉಪ್ಪಿಗೆ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. 316ರಲ್ಲಿ ಮಾಲಿಬ್ಡಿನಮ್ ಸೇರಿರುತ್ತದೆ, ಅದು ಉಪ್ಪಿಗೆ ಜಾಸ್ತಿ ತಡೆಯುತ್ತದೆ.

ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸಮುದ್ರದ ನೀರು ಅದರಿಂದ ಸತುವನ್ನು ಮಾತ್ರ ಎಳೆದು ತೆಗೆಯುತ್ತದೆ. ಉಳಿಯುವುದು ತೂತು ತೂತಾದ ತಾಮ್ರ, ಆಕಾರ ಮೊದಲಿನ ಹಾಗೇ ಇರುತ್ತದೆ. ನಿಮ್ಮ ಮುರಿದ ನಿಪ್ಪಲ್ಲಿನ ಮುರಿದ ಮೈ ನೋಡಿ. ಹಳದಿ ಹೋಗಿ ತಿಳಿ ಕೆಂಪು ಬಣ್ಣ ಇದ್ದರೆ ಇದೇ ಕಾರಣ. ನೀರಿನ ಮಟ್ಟಕ್ಕಿಂತ ಕೆಳಗೆ ಬರುವ ವಾಲ್ವ್, ನಿಪ್ಪಲ್ ಎಲ್ಲ ಗನ್‌ಮೆಟಲ್ ಅಥವಾ ಕಂಚಿನದು ಇರಲಿ. ಅಲ್ಲಿ ಪ್ರತಿ ಜಾಯಿಂಟಿಗೆ ಎರಡು ಕ್ಲಿಪ್ ಹಾಕಿ. ಎರಡೂ ನಿಪ್ಪಲ್ಲಿನ ಮೈಮೇಲೇ ಕೂರುವಷ್ಟು ನಿಪ್ಪಲ್ ಉದ್ದ ಇರಬೇಕು, ತುದಿಯಿಂದ ಆಚೆ ಬಿದ್ದ ಕ್ಲಿಪ್ಪು ಪೈಪನ್ನು ಕೊರೆಯುತ್ತದೆ ಅಷ್ಟೇ. ದಡಕ್ಕೆ ಬಂದು ಬೋಟು ಕಟ್ಟಿದ ಮೇಲೆ ತಳದ ವಾಲ್ವ್ ಮುಚ್ಚುವ ಅಭ್ಯಾಸ ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ ಮೀನುಗಾರಿಕೆಗೆ ರಜೆ. ಆಗ ಪ್ರತಿ ಕ್ಲಿಪ್ ಬಿಚ್ಚಿ, ಪೈಪಿನ ತುದಿ ಬಗ್ಗಿಸಿ ನೋಡಿ. ಬಿರುಕು ಕಂಡರೆ ಪೈಪೇ ಬದಲಿಸಿ.

ಪ್ರಶ್ನೆ: ಯಲ್ಲಾಪುರದಿಂದ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಪೈಪಿನ ಕಬ್ಬಿಣದ ನಿಪ್ಪಲ್ ಒಂದೆರಡು ವರ್ಷದಲ್ಲೇ ಹಾಳಾಗುತ್ತದೆ. ಎತ್ತರಕ್ಕೆ ಹೊಡೆಯುವಾಗ ಪೈಪು ಕಳಚುವುದೂ ಉಂಟು.

ಉತ್ತರ: ಮೈಲುತುತ್ತಕ್ಕೂ ಕಬ್ಬಿಣಕ್ಕೂ ಆಗುವುದಿಲ್ಲ. ಮೈಲುತುತ್ತದ ನೀರಿನಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ದ್ರಾವಣ ಹದವಾಗಿದೆಯಾ ಅಂತ ನೋಡಲು ಹೊಳೆಯುವ ಚೂರಿಯನ್ನು ಅದ್ದುವ ಪದ್ಧತಿ ಇದೆಯಲ್ಲ, ಅದೂ ಇದೇ. ಚೂರಿಯ ಮೇಲೆ ಕೆಂಪು ಬಂದರೆ ಸುಣ್ಣ ಸಾಲದು ಅಂತ ಅರ್ಥ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿದರೂ ಸುಣ್ಣ ಹಳೆಯದಾಗಿದ್ದರೆ ಹದ ಬರುವುದಿಲ್ಲ. ಅಂಥ ದ್ರಾವಣ ಚೂರಿಗೆ ಏನು ಮಾಡುತ್ತದೋ ನಿಮ್ಮ ನಿಪ್ಪಲ್ಲಿಗೂ ಅದನ್ನೇ ಮಾಡುತ್ತದೆ, ಎಳೆ ಅಡಿಕೆಗೂ ಒಳ್ಳೆಯದಲ್ಲ. ಹಿತ್ತಾಳೆಯ ಕನೆಕ್ಟರ್ ಹಾಕಿಸಿ. ಕೆಲಸ ಮುಗಿದ ಮೇಲೆ ಪಂಪಿಗೆ ಒಳ್ಳೆ ನೀರು ಹಾಕಿ ತಿಳಿ ಬರುವವರೆಗೆ ಓಡಿಸಿ, ಸುಣ್ಣ ಒಣಗಿದರೆ ವಾಷರು ಕಲ್ಲಾಗುತ್ತದೆ.

ಕಳಚುವುದು ಗಂಭೀರ ವಿಷಯ. ಔಷಧಿ ಹೊಡೆಯುವ ಪಂಪಿನ ಒತ್ತಡ ಮನೆಯ ನಲ್ಲಿಯದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಸ್ಕ್ರೂ ಕ್ಲಿಪ್ ಅದಕ್ಕೆ ಮಾಡಿದ್ದಲ್ಲ. ಪೈಪಿನ ಎರಡೂ ತುದಿಗೆ ಮಶಿನ್ನಿನಲ್ಲಿ ಒತ್ತಿದ ಕ್ರಿಂಪ್ ಕನೆಕ್ಟರ್ ಹಾಕಿಸಿ. ಮರದ ಮೇಲೆ ಕೂತ ಕೊನೆಗೌಡರ ಕೈಯಲ್ಲಿ ಪೈಪು ಕಳಚಿದರೆ ಅವರ ಹಿಡಿತವೇ ತಪ್ಪಬಹುದು. ಹೊಡೆಯಲು ಶುರು ಮಾಡುವ ಮುಂಚೆ ಕೆಳಗೇ ಬರೀ ನೀರು ಹಾಕಿ ಪೂರ್ತಿ ಒತ್ತಡದಲ್ಲಿ ಓಡಿಸಿ ನೋಡಿ, ಆಮೇಲೆ ಪೈಪು ಮೇಲೆ ಹೋಗಲಿ.

ಪ್ರಶ್ನೆ: ಗ್ಯಾಸ್ ಒಲೆ ಸ್ವಲ್ಪ ದೂರ ಇಡಬೇಕು. ಎರಡು ಪೈಪಿಗೆ ನಡುವೆ ನಿಪ್ಪಲ್ ಹಾಕಿ ಉದ್ದ ಮಾಡಬಹುದಾ? (ಗೋಕರ್ಣ)

ಉತ್ತರ: ಖಂಡಿತ ಬೇಡ. ಸಿಲಿಂಡರಿನಿಂದ ಒಲೆಗೆ ಒಂದೇ ಅಖಂಡ ಪೈಪು, ಐಎಸ್‌ಐ ಗುರುತಿನದು, ಒಂದೂವರೆ ಮೀಟರಿಗಿಂತ ಉದ್ದ ಬೇಡ. ಐದು ವರ್ಷಕ್ಕೆ ಬದಲಿಸಿ, ತಾರೀಖು ಪೈಪಿನ ಮೇಲೇ ಇರುತ್ತದೆ. ದೂರವೇ ಇಡಬೇಕಾದರೆ ಏಜೆನ್ಸಿಯವರನ್ನು ಕರೆಸಿ ತಾಮ್ರದ ಪೈಪಿನ ವ್ಯವಸ್ಥೆ ಕೇಳಿ.

ಪ್ರಶ್ನೆ: ಬನವಾಸಿ ಕಡೆಯವರು. ಡ್ರಿಪ್ಪಿನ ಗ್ರೊಮೆಟ್ (ದೊಡ್ಡ ಪೈಪಿನ ತೂತಿಗೆ ಕೂರಿಸುವ ರಬ್ಬರ್ ಉಂಗುರ) ಹತ್ತಿರ ಸೋರಿಕೆ. ಹೊಸದು ಹಾಕಿದರೂ ನಿಲ್ಲಲಿಲ್ಲ.

ಉತ್ತರ: ತೂತು ದೊಡ್ಡದಾಗಿದೆ. ಮೊಳೆ ಕಾಸಿ ಚುಚ್ಚಿದ ತೂತು ಯಾವತ್ತೂ ದುಂಡಗೆ ಬರುವುದಿಲ್ಲ, ಅಂಚೂ ಗಂಟು ಕಟ್ಟುತ್ತದೆ. ನಿಮ್ಮ ಗ್ರೊಮೆಟ್ಟಿಗೆ ಸರಿಯಾದ ಅಳತೆಯ ಡ್ರಿಲ್ ಬಿಟ್ಟನ್ನು ಅದು ಕೊಂಡ ಅಂಗಡಿಯಲ್ಲೇ ಕೇಳಿ ತನ್ನಿ, ಪೈಪಿಗೆ ನೇರ ಹಿಡಿದು ಕೊರೆಯಿರಿ, ಸಿಬಿರು ಚೂರಿಯಲ್ಲಿ ತೆಗೆಯಿರಿ. ಗ್ರೊಮೆಟ್ಟಿನ ತೋಡು ಪೈಪಿನ ಗೋಡೆಗೆ ಸುತ್ತಲೂ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ, ಆಮೇಲೆ ಟೇಕಾಫನ್ನು (ಸಣ್ಣ ಪೈಪು ಸಿಕ್ಕಿಸುವ ಕೊಳವೆ) ನೀರಿನಲ್ಲಿ ಅದ್ದಿ ಒತ್ತಿ. ಹಾಳಾದ ಹಳೆ ತೂತನ್ನು ಹಾಗೇ ಬಿಡಬೇಡಿ, ಅದಕ್ಕೆ ಡಮ್ಮಿ (ತೂತು ಮುಚ್ಚುವ ಬಿರಡೆ) ಹಾಕಿ ಒಂದು ಗೇಣು ಆಚೆ ಹೊಸದು ಕೊರೆಯಿರಿ. ಗಿಡಗಳ ಸಾಲಿಗೆ ಹೋಗುವ 16 ಮಿಲಿಮೀಟರಿನ ಲ್ಯಾಟರಲ್ ಪೈಪಿಗೆ ಟೇಕಾಫ್ ಹತ್ತಿರ ಸ್ವಲ್ಪ ಸಡಿಲು ಕೊಡಿ. ದನವೋ ಹಂದಿಯೋ ತುಳಿದು ಎಳೆದರೆ ಮೊದಲು ಆ ಸಡಿಲು ಬಿಗಿಯಲಿ, ಗ್ರೊಮೆಟ್ ಕೀಳುವುದಿಲ್ಲ.